ಬೊಳಕಾಟ್, ಉಮ್ಮತ್ತಾಟ್ ಚಿತ್ರೀಕರಣ: ಸುತ್ತು ಕುಣಿತವನ್ನು ಚೌಕಟ್ಟಿಗೆ ತರುವ ಬಗೆ

ವೇದಿಕೆಯ ನೃತ್ಯಕ್ಕೆ ಎದುರು ಅಂತ ಒಂದಿರುತ್ತದೆ, ಕ್ಯಾಮೆರಾ ಅಲ್ಲಿಟ್ಟರಾಯಿತು. ಕೊಡಗಿನ ಕುಣಿತಗಳಿಗೆ ಅದಿಲ್ಲ. ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ, ಉಮ್ಮತ್ತಾಟ್‌ನಲ್ಲಿ ನೀರಿನ ಪಾತ್ರೆ ಹಿಡಿದು ಕಾವೇರಿಯಾಗಿ ನಡುವೆ ನಿಂತವಳ ಸುತ್ತ ಹೆಂಗಸರು ಸುತ್ತುತ್ತಾರೆ. ಎಲ್ಲಿ ನಿಂತರೂ ಹತ್ತಿರದವರ ಬೆನ್ನೇ ಕಾಣುವುದು.

ಮೊದಲ ಟೇಕ್ ಇಡೀ ಸುತ್ತಿನದ್ದಿರಲಿ. ಟ್ರೈಪಾಡನ್ನು ಗದ್ದೆಯ ಏರಿಯ ಮೇಲೋ ಜೀಪಿನ ಮೇಲೋ ನಿಲ್ಲಿಸಿ, ತಲೆಯಿಂದ ಪಾದದವರೆಗೆ ಎಲ್ಲರೂ ಬರುವಂತೆ, ನಡುವೆ ನಿಲ್ಲಿಸದೆ ಹಿಡಿಯಿರಿ. ನೃತ್ಯಗಾರ ನಟ ಫ್ರೆಡ್ ಆಸ್ಟೇರ್ ಹಾಲಿವುಡ್‌ನಲ್ಲಿ ಪಟ್ಟುಹಿಡಿದದ್ದೂ ಇದಕ್ಕೇ: ಪೂರ್ತಿ ದೇಹ ಕಾಣಬೇಕು, ಕಟ್ ಕಡಿಮೆಯಿರಬೇಕು. ಪಾದ ಕತ್ತರಿಸಿಹೋದ ಕುಣಿತದಲ್ಲಿ ಉಳಿಯುವುದು ಕೈ ಬೀಸಾಟ ಮಾತ್ರ.

ಬೆನ್ನಿಗೆ ಹೆದರಬೇಡಿ. ಕೊಡವ ಸೀರೆಯ ನೆರಿಗೆ ಇರುವುದೇ ಹಿಂದೆ. ಹೆಜ್ಜೆ ಊರಿದಾಗ ನೆರಿಗೆ ಒಮ್ಮೆ ಬಿಚ್ಚಿ ಮತ್ತೆ ಕೂಡಿಕೊಳ್ಳುತ್ತದೆ. ಸೊಂಟದೆತ್ತರದಲ್ಲಿ ಕ್ಯಾಮೆರಾ ಇಟ್ಟು ಇದನ್ನು ಹಿಡಿದರೆ ಮುಖಕ್ಕಿಂತ ಹೆಚ್ಚು ಲಯ ಕಾಣುತ್ತದೆ.

ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ಹೊರಗಿನಿಂದ ನೋಡಿದಾಗ ಹತ್ತಿರದವರು ಎಡದಿಂದ ಬಲಕ್ಕೆ ಹೋಗುತ್ತಿದ್ದರೆ, ಸುತ್ತಿನ ಒಳಗೆ ನಿಂತು ತೆಗೆದಾಗ ಅವರೇ ಬಲದಿಂದ ಎಡಕ್ಕೆ ಹೋಗುತ್ತಾರೆ. ಎರಡನ್ನೂ ನೇರವಾಗಿ ಜೋಡಿಸಿದರೆ ಕುಣಿತವೇ ತಿರುಗಿಬಿದ್ದಂತೆ ಕಾಣುತ್ತದೆ. ನಡುವೆ ದೀಪದ್ದೋ, ತಾಳ ಹಿಡಿದ ಕೈಯದ್ದೋ 2–3 ಸೆಕೆಂಡಿನ ಕ್ಲೋಸಪ್ ಹಾಕಿ, ಕಣ್ಣು ಒಪ್ಪಿಕೊಳ್ಳುತ್ತದೆ.

ಕುಣಿತಕ್ಕೆ ನುಡಿಸುವ ಪುಟ್ಟ ಚರ್ಮವಾದ್ಯ ದುಡಿಯ ಸದ್ದನ್ನು ಕ್ಯಾಮೆರಾದ ಮೈಕಿಗೆ ಬಿಡಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ 14 ಮೀಟರ್ ದೂರ ನಿಂತರೆ ಪೆಟ್ಟು ಒಂದು ಫ್ರೇಮ್ ತಡ, 28 ಮೀಟರಿಗೆ ಎರಡು. ಹೆಜ್ಜೆ ಮೊದಲು ಬಿದ್ದು ದುಡಿ ಆಮೇಲೆ ನುಡಿಯುತ್ತದೆ. ಕುಣಿದವರೇ ತಾಳ ತಪ್ಪಿದರು ಎಂದು ನೋಡುವವರು ತಿಳಿಯುತ್ತಾರೆ, ಅದು ಅವರಿಗೆ ಮಾಡುವ ಅನ್ಯಾಯ. ದುಡಿಯವರಿಂದ ಒಂದೂವರೆ ಮೀಟರಿನಲ್ಲಿ ರೆಕಾರ್ಡರ್ ಇಡಿ, ಶುರುವಿಗೆ ಮುನ್ನ ಅದರ ಪಕ್ಕದಲ್ಲೇ, ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಕೈ ಕೂಡಿದ ಫ್ರೇಮಿಗೆ ರೆಕಾರ್ಡರಿನ ಚಪ್ಪಾಳೆ ಸದ್ದನ್ನು ಹೊಂದಿಸಿ. ಕ್ಯಾಮೆರಾದ ಸದ್ದಿಗೆ ಹೊಂದಿಸಿದರೆ ಅದೇ ತಡ ಮತ್ತೆ ಬರುತ್ತದೆ.

ಎಕ್ಸ್‌ಪೋಶರ್ ಆಟೋದಲ್ಲಿ ಬೇಡ. ಗಂಡಸರ ಕಪ್ಪು ನಿಲುವಂಗಿ ಕುಪ್ಯ ಚೌಕಟ್ಟು ತುಂಬಿದಾಗ ಕ್ಯಾಮೆರಾ ಬೆಳಕು ಏರಿಸುತ್ತದೆ, ಕೈಯಲ್ಲಿನ ಬಿಳಿ ಚವರಿ (ಚಾಮರದಂಥ ಕೂದಲ ಕುಚ್ಚು) ಬೀಸಿದಾಗ ಇಳಿಸುತ್ತದೆ, ಚಿತ್ರ ಉಸಿರಾಡಿದಂತಾಗುತ್ತದೆ. ಚವರಿಯ ಎಳೆ ಎಳೆ ಉಳಿಯುವಷ್ಟಕ್ಕೆ ಮ್ಯಾನುಯಲ್‌ನಲ್ಲಿ ನಿಲ್ಲಿಸಿ. ಹಿನ್ನೆಲೆಗೆ ಕಾಫಿ ತೋಟದ ಕಡು ನೆರಳಿದ್ದರೆ ಕುಪ್ಯ ಅದರಲ್ಲೇ ಕರಗಿಹೋಗುತ್ತದೆ; ಕೊಯ್ಲಾದ ಗದ್ದೆಯ ಕಡೆಗೆ ತಿರುಗಿ. ಶಟರ್ 1/50 ಸೆಕೆಂಡಿಗಿರಲಿ. ಬೆಳಕು ಹೆಚ್ಚೆಂದು 1/500ಕ್ಕೆ ಹೋದರೆ ಚವರಿಯ ಬೀಸು ತುಂಡುತುಂಡಾಗುತ್ತದೆ, ಅದರ ಬದಲು ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ದೀಪದ ಬೆಳಕೂ ಆಕಾಶದ ಬೆಳಕೂ ಸಮನಾಗುವುದು ಸೂರ್ಯ ಮುಳುಗಿದ ಮೇಲೆ 15–20 ನಿಮಿಷ ಮಾತ್ರ, ಆ ಹೊತ್ತಿಗೆ ಎಲ್ಲವೂ ಸಿದ್ಧವಿರಲಿ.

ಕಟ್ ಎಲ್ಲಿ ಹಾಕಿದರೂ ಪಾದ ನೆಲ ಮುಟ್ಟುವ ಕ್ಷಣವನ್ನು ನುಂಗಬೇಡಿ.

ಸುಗ್ಗಿಯ ಹಬ್ಬ ಪುತ್ತರಿಯ ಕೋಲಾಟ್ (ಕೋಲು ಕುಣಿತ) ಊರಿನ ಬಯಲಾದ ಮಂದ್‌ನಲ್ಲಿ ನಡೆಯುವಾಗ ರೀಟೇಕ್ ಕೇಳುವುದು ಸಲ್ಲ. ಹಿರಿಯರನ್ನು ಕೇಳಿ ದೂರದಿಂದ ಇಡೀ ಸುತ್ತನ್ನಷ್ಟೇ ತೆಗೆಯಿರಿ. ಕ್ಲೋಸಪ್‌ಗಳನ್ನು ಅಭ್ಯಾಸದ ದಿನ, ಅದೇ ಉಡುಪು, ಅದೇ ಹೊತ್ತಿನ ಬೆಳಕಿನಲ್ಲಿ ಮಾಡಿಕೊಳ್ಳಿ.