ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದ್ದ ಶ್ರುತಿ

ತುಮಕೂರಿನ ನಮ್ಮ ಮನೆಯ ಹಜಾರದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ ಏಳೆಂಟು ಜನ ಸೇರಿ ಹಳೆಯ ಗ್ರಾಮಾಫೋನ್ ಪ್ಲೇಟುಗಳನ್ನು ಕೇಳುವ ರೂಢಿ ಆರು ವರ್ಷಗಳಿಂದ ನಡೆದುಬಂದಿದೆ. ವೀಣೆಯ ಪಾಠ ಹೇಳುವ ಹಿರಿಯರೊಬ್ಬರು, ನಿವೃತ್ತ ಅಧ್ಯಾಪಕರು, ತಿಪಟೂರಿನ ಕೊಬ್ಬರಿ ವರ್ತಕರು, ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು, ಹೀಗೆ ಬೇರೆ ಬೇರೆ ಕಿವಿಗಳು ಅಲ್ಲಿ ಕೂಡುತ್ತವೆ. ತಂದ ಪ್ಲೇಟು ಏಕೆ ಇಷ್ಟವೆಂಬುದನ್ನು ಅದನ್ನು ಕೇಳಿಸಿದ ಮೇಲೆ ಹೇಳಬೇಕೇ ಹೊರತು ಮೊದಲೇ ಹೇಳಬಾರದು ಎಂಬುದೊಂದೇ ನಮ್ಮ ಕಟ್ಟಳೆ. ಮೊದಲೇ ಹೊಗಳಿದರೆ ಉಳಿದವರು ಹಾಡನ್ನು ಬಿಟ್ಟು ಆ ಹೊಗಳಿಕೆಯನ್ನೇ ಹುಡುಕತೊಡಗುತ್ತಾರೆ.

ಎರಡು ವರ್ಷಗಳ ಹಿಂದೆ ಗುಬ್ಬಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯೊಂದು ನನಗೆ ದೊರೆಯಿತು. ಅದರಲ್ಲಿ ಹತ್ತು ಅಂಗುಲದ 23 ಪ್ಲೇಟುಗಳಿದ್ದವು. ಒಂದರ ಮೇಲೊಂದು ಮಲಗಿಸಿ ಇಟ್ಟಿದ್ದರಿಂದ ಕೆಳಗಿನ ನಾಲ್ಕು ಸೀಳಿದ್ದವು. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ಊರಾದ್ದರಿಂದ ಅವುಗಳಲ್ಲಿ ಹೆಚ್ಚಿನವು ರಂಗಗೀತೆಗಳಾಗಿದ್ದುದು ಸಹಜವೇ ಆಗಿತ್ತು.

ತೊಳೆಯುವ ವಿಷಯದಲ್ಲಿ ನಾನು ಒಮ್ಮೆ ತಪ್ಪಿ ಕಲಿತವನು. ಹಿಂದೊಮ್ಮೆ ನಂತರದ ಕಾಲದ ಪ್ಲಾಸ್ಟಿಕ್ ಪ್ಲೇಟುಗಳಾದ ಎಲ್‌ಪಿಗಳಿಗೆ ಬಳಸುವ ಸ್ಪಿರಿಟ್ ಬೆರೆಸಿದ ದ್ರಾವಣವನ್ನು ಇಂಥ ಹಳೆಯ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟಿಗೆ ಹಚ್ಚಿ, ಅದರ ಮೇಲ್ಮೈಯನ್ನೇ ಕರಗಿಸಿಬಿಟ್ಟಿದ್ದೆ. ಆ ಪ್ಲೇಟುಗಳನ್ನು ಅರಗಿನಿಂದ ಮಾಡಿರುತ್ತಾರೆ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆ ಹಾಡು ಮತ್ತೆ ನನಗೆ ಎಲ್ಲಿಯೂ ಸಿಕ್ಕಿಲ್ಲ. ಈಗ ಭಟ್ಟಿ ಇಳಿಸಿದ ನೀರಿಗೆ ಎರಡು ಹನಿ ಸೌಮ್ಯವಾದ ಸೋಪು ಹಾಕಿ, ಲೇಬಲ್ ನೆನೆಯದಂತೆ ಮೃದುವಾದ ಬ್ರಷ್ಷಿನಿಂದ ಗೆರೆಯ ಗುಂಟ ಒರಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸುತ್ತೇನೆ. ಮುಳ್ಳೂ ಬೇರೆಯದೇ ಬೇಕು. ಎಲ್‌ಪಿಯ ಮುಳ್ಳಿಗಿಂತ ಇದರ ತುದಿ ಸುಮಾರು ಮೂರು ಪಟ್ಟು ಅಗಲ. ಸಣ್ಣ ಮುಳ್ಳು ಅಗಲವಾದ ಗೆರೆಯ ತಳದ ಧೂಳಿನಲ್ಲಿ ಹೊರಳಾಡುತ್ತದೆ, ಗೋಡೆಗಳಲ್ಲಿರುವ ಹಾಡನ್ನು ಸರಿಯಾಗಿ ಮುಟ್ಟುವುದಿಲ್ಲ.

ಆ ಪೆಟ್ಟಿಗೆಯಲ್ಲಿ ಲೇಬಲ್ ಅರ್ಧ ಹರಿದುಹೋಗಿದ್ದ ಪ್ಲೇಟೊಂದಿತ್ತು. ಗಾಯಕರ ಹೆಸರಿದ್ದ ಭಾಗವೇ ಹೋಗಿತ್ತು, ‘ಕಾಂಬೋಧಿ’ ಎಂಬ ರಾಗದ ಹೆಸರು ಮಾತ್ರ ಉಳಿದಿತ್ತು. ಗಂಡುದನಿ, ಹಿಂದೆ ಹಾರ್ಮೋನಿಯಂ ಮತ್ತು ತಬಲ. ನಾನು ಅದನ್ನು ಮೂರು ಸಲ ಕೂಟದಲ್ಲಿ ಕೇಳಿಸಿದೆ, ಪ್ರತಿ ಸಲವೂ ಎಲ್ಲರೂ ಮೆಚ್ಚಿದರು, ಆದರೆ ಗಾಯಕರು ಯಾವುದೋ ಅವಸರದಲ್ಲಿದ್ದಾರೆ ಎಂದೇ ಎಲ್ಲರಿಗೂ ಅನ್ನಿಸುತ್ತಿತ್ತು. ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಸಿಗುತ್ತಿದ್ದ ಕಾಲದಲ್ಲಿ ಚರಣವನ್ನು ಓಡಿಸಿ ಮುಗಿಸುವುದು ಸಾಮಾನ್ಯವಾಗಿತ್ತಾದ್ದರಿಂದ ನಾನು ಅದನ್ನು ಪ್ರಶ್ನಿಸಿರಲಿಲ್ಲ.

ನಾಲ್ಕನೆಯ ಸಲ ಮೇಷ್ಟ್ರು ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ತಂದಿದ್ದರು. ಹಾಡಿನೊಂದಿಗೆ ನುಡಿಸಲು ಹೋದವರು ಬೆರಳನ್ನು ಅತ್ತಿತ್ತ ಸರಿಸಿ, “ಸ್ವಾಮಿ, ಈ ಶ್ರುತಿ ಯಾವ ಮನೆಯಲ್ಲೂ ಕೂರ್ತಾ ಇಲ್ಲ, ಎರಡು ಮನೆ ಮಧ್ಯೆ ಇದೆ. ಅಲ್ಲಿ ನುಡಿಸ್ತಿರೋರೂ ನನ್ನ ಹಾಗೆ ಹಾರ್ಮೋನಿಯಂನವರೇ ತಾನೆ?” ಎಂದರು. ಆ ಮಾತು ನನ್ನ ಕಣ್ಣು ತೆರೆಸಿತು. ತಂಬೂರಿಯನ್ನು ಬೇಕಾದಲ್ಲಿಗೆ ಶ್ರುತಿ ಮಾಡಿಕೊಳ್ಳಬಹುದು, ಹಾರ್ಮೋನಿಯಂನ ಮನೆಗಳು, ಅಂದರೆ ಒಂದೊಂದು ಸ್ವರಕ್ಕಿರುವ ಕೀಲಿಗಳು, ಕದಲುವುದಿಲ್ಲ. 78 ಎಂದು ಕರೆದರೂ ಹಳೆಯ ಪ್ಲೇಟುಗಳೆಲ್ಲವೂ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ಮುದ್ರಣಗೊಂಡಿಲ್ಲ; ವಿಶೇಷವಾಗಿ 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವ ಮೊದಲಿನವು 70ರಿಂದ 82ರವರೆಗೂ ಹರಡಿಕೊಂಡಿವೆ. ವೇಗವು ಶೇಕಡಾ 6ರಷ್ಟು ಬದಲಾದರೆ ಶ್ರುತಿ ಪಕ್ಕದ ಮನೆಗೆ ಹೋಗುತ್ತದೆ. ನಮ್ಮದು ಅರ್ಧ ಹಾದಿಯಲ್ಲಿತ್ತು, ಅಂದರೆ ನಿಜವಾದ ವೇಗ ಸುಮಾರು 76 ಇರಬೇಕು, ಇಲ್ಲವೇ 80.

ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪ್ರತಿಯನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಎರಡೂ ವೇಗಕ್ಕೆ ಹೊಂದಿಸಿ ಕೇಳಿಸಿದೆ. ಇಲ್ಲಿ ಅವಸರಪಡಬಾರದೆಂದು ವೀಣೆಯವರು ಎಚ್ಚರಿಸಿದರು: ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಹಿಂದಿನ ಸಾಲಿಗೂ ಮುಟ್ಟಬೇಕೆಂದು ನಟರು ಏರುಶ್ರುತಿಯಲ್ಲೇ ಹಾಡುತ್ತಿದ್ದರು, ಆದ್ದರಿಂದ ನಮ್ಮ ಕಿವಿಗೆ ಹಿತವಾದದ್ದೇ ಸರಿಯೆಂದು ತಿಳಿಯಬಾರದು. ಹಾರ್ಮೋನಿಯಂಗಳೂ ಒಂದೊಂದು ಒಂದೊಂದು ರೀತಿ ಇದ್ದಾವು. ಆದರೆ 80ರಲ್ಲಿ ಮಾತು ಕೀರಲಾಯಿತು, ಸ್ವರಗಳನ್ನು ತೂಗುವ ಗಮಕಗಳು ನಡುಕದಂತಾದವು. 76ರಲ್ಲಿ ‘ಅ’ಕಾರ ತುಂಬಿಕೊಂಡು ಬಂತು, ಹಾರ್ಮೋನಿಯಂನ ದನಿಯೂ ಮೇಷ್ಟ್ರ ಪೆಟ್ಟಿಗೆಯೊಂದಿಗೆ ಒಂದಾಯಿತು. 3 ನಿಮಿಷ 10 ಸೆಕೆಂಡಿನ ಹಾಡು 3 ನಿಮಿಷ 15 ಸೆಕೆಂಡಾಯಿತು, ಅಷ್ಟೇ. ಆ ಐದು ಸೆಕೆಂಡುಗಳಲ್ಲಿ ಅವಸರ ಮಾಯವಾಗಿ, ನಿಷಾದ ಸ್ವರದ ಮೇಲೆ ಆ ಕಲಾವಿದರು ನಿಂತು ಉಸಿರೆಳೆಯುವುದು ಮೊದಲ ಬಾರಿಗೆ ಕೇಳಿಸಿತು. ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಮತ್ತೊಮ್ಮೆ ಹಾಕಿ ಎಂದು ವರ್ತಕರು ಕೈಸನ್ನೆ ಮಾಡಿದರು.

ಅಂದಿನಿಂದ ಮೂಲ ಪ್ರತಿಯನ್ನು ಏನೂ ತಿದ್ದದೆ ಹಾಗೆಯೇ ಇಟ್ಟುಕೊಂಡು, ವೇಗ ಸರಿಪಡಿಸಿದ್ದನ್ನು ಬೇರೆ ಕಡತವಾಗಿ, ಎಷ್ಟು ಬದಲಿಸಿದೆವೆಂದು ಬರೆದು ಗೆಳೆಯರಿಗೆ ಕೊಡುತ್ತೇನೆ. ಗರಗರ ಸದ್ದನ್ನು ಪೂರ್ತಿ ಅಳಿಸುವ ಆಸೆಯನ್ನು ಬಿಟ್ಟಿದ್ದೇನೆ. ಅದರೊಂದಿಗೆ ತಬಲದ ನಾದವೂ ಹೋಗುತ್ತದೆ.

ಮೇಷ್ಟ್ರು ಆ ಹಾಡನ್ನು ತಮ್ಮ ನೋಟುಪುಸ್ತಕಕ್ಕೆ ಇಳಿಸಿಕೊಂಡಿದ್ದಾರೆ. ಎರಡನೆಯ ಚರಣದಲ್ಲಿ ಒಂದು ಪದ ಮಾತ್ರ ಗೀರಿನಡಿ ಮುಚ್ಚಿಹೋಗಿರುವುದರಿಂದ ಅಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ. ತಿಪಟೂರಿನ ಸಂಬಂಧಿಕರ ಮನೆಯಲ್ಲಿ ಇದೇ ಹಾಡಿನ ಇನ್ನೊಂದು ಪ್ಲೇಟು ಇದೆಯೆಂದು ವರ್ತಕರು ಹೇಳಿದ್ದು, ಮುಂದಿನ ಭಾನುವಾರ ಅದನ್ನು ಬಟ್ಟೆಯಲ್ಲಿ ಸುತ್ತಿ ತರಲಿದ್ದಾರೆ.