ಎರಡು ವೆಬರ್, ನಾಲ್ಕು ಸಿಲಿಂಡರ್: ಕಾರ್ಬೊರೇಟರ್ ಟ್ಯೂನ್ ಮಾಡುವ ಸರಿಯಾದ ಕ್ರಮ

ಲೋಟಸ್ ಎಲಾನ್, ಹಳೆಯ ಆಲ್ಫಾ ರೋಮಿಯೊ, ರ‍್ಯಾಲಿಗೆ ಸಜ್ಜು ಮಾಡಿದ ಫೋರ್ಡ್ ಎಸ್ಕಾರ್ಟ್. ಇಂಥ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ ಪಕ್ಕಕ್ಕೆ ಅಡ್ಡ ಮಲಗಿದ ಎರಡು ವೆಬರ್ ಡಿಸಿಒಇ ಮಾದರಿಯ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಸಾಧನ) ಕಾಣಸಿಗುತ್ತವೆ. ಒಂದೊಂದರಲ್ಲೂ ಎರಡು ಬ್ಯಾರಲ್, ಅಂದರೆ ಗಾಳಿ ಹಾಯುವ ಕೊಳವೆ. ಹೀಗೆ ಪ್ರತಿ ಸಿಲಿಂಡರ್‌ಗೂ ಅದರದೇ ಒಂದು. ಪೆಡಲ್ ಮುಟ್ಟಿದ ಕೂಡಲೇ ಎಂಜಿನ್ ಜಿಗಿಯುವುದು ಇದರಿಂದಲೇ. ಆದರೆ ನಾಲ್ಕೂ ಬ್ಯಾರಲ್‌ಗಳು ಒಂದೇ ಸಮ ಗಾಳಿ ಎಳೆಯಬೇಕು.

ಇದನ್ನು ಕೆಡಿಸುವವರೆಲ್ಲ ಒಂದೇ ರೀತಿ ಕೆಡಿಸುತ್ತಾರೆ. ಎಂಜಿನ್ ಸ್ವಲ್ಪ ಮಿಸ್ ಹೊಡೆದರೆ ಸಾಕು, ಸ್ಕ್ರೂಡ್ರೈವರ್ ಹಿಡಿದು ಕಂಡ ಸ್ಕ್ರೂಗಳನ್ನೆಲ್ಲ ತಿರುಗಿಸಿಬಿಡುತ್ತಾರೆ. ಆಮೇಲೆ ಯಾವುದು ಎಲ್ಲಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಾರ್ಬೊರೇಟರ್ ಸರದಿ ಕೊನೆಯಲ್ಲಿ ಬರಬೇಕು.

ಮೊದಲು ಟ್ಯಾಪೆಟ್ (ವಾಲ್ವ್) ಗ್ಯಾಪ್, ಪ್ಲಗ್, ಡಿಸ್ಟ್ರಿಬ್ಯೂಟರ್ ಪಾಯಿಂಟ್, ಕಿಡಿಯ ಟೈಮಿಂಗ್ ಮುಗಿಸಿ. ಪೆಟ್ರೋಲ್ ಪ್ರೆಷರ್ 3 ಪಿಎಸ್‌ಐ ಆಸುಪಾಸು ಇರಲಿ. ಜಾಸ್ತಿಯಾದರೆ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಬುರುಡೆ) ತಳ್ಳಿ ಮುಚ್ಚುವ ಸೂಜಿ ತಡೆಯಲಾರದು, ಪೆಟ್ರೋಲ್ ಉಕ್ಕುತ್ತದೆ. ಅಗ್ಗದ ರೆಗ್ಯುಲೇಟರ್‌ಗಳ ಮೇಲಿನ ಅಂಕಿಯನ್ನು ನಂಬಬೇಡಿ, ಒಂದು ಗೇಜ್ ಹಾಕಿ ಅಳೆಯಿರಿ. ಫ್ಲೋಟ್ ಎತ್ತರ ಮಾದರಿಯಿಂದ ಮಾದರಿಗೆ ಬೇರೆ. ಕಾರ್ಬೊರೇಟರ್ ಮೇಲೆ ಕೆತ್ತಿರುವ ನಂಬರ್ ನೋಡಿ ಅದಕ್ಕೆ ತಕ್ಕಂತೆ ಇಡಿ.

ಕಾರ್ಬೊರೇಟರ್ ಕೂರಿಸಿರುವ ನಟ್‌ಗಳನ್ನೂ ನೋಡಿ. ಕೆಳಗೆ ಎರಡು ಸುತ್ತಿನ ಸ್ಪ್ರಿಂಗ್ ವಾಷರ್ ಇದ್ದರೆ ಸುತ್ತುಗಳ ನಡುವೆ ಸುಮಾರು 1 ಮಿ.ಮೀ. ಸಂದು ಉಳಿಯಬೇಕು. ಪೂರ್ತಿ ಬಿಗಿದುಬಿಟ್ಟರೆ ಎಂಜಿನ್ ನಡುಕ ನೇರ ಕಾರ್ಬೊರೇಟರ್‌ಗೆ ಹತ್ತಿ ಒಳಗಿನ ಪೆಟ್ರೋಲ್ ನೊರೆಯಾಗುತ್ತದೆ. ಎಷ್ಟು ಟ್ಯೂನ್ ಮಾಡಿದರೂ ಆಗ ಪ್ರಯೋಜನವಿಲ್ಲ.

ಇನ್ನು ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಇದರಲ್ಲಿ ರಾಜಿ ಬೇಡವೇ ಬೇಡ.

ಈಗ ಕಷ್ಟದ ಭಾಗ. ಎರಡು ಕಾರ್ಬೊರೇಟರ್‌ಗಳನ್ನು ಪೆಡಲ್‌ಗೆ ಜೋಡಿಸುವ ರಾಡ್ ಬಿಚ್ಚಿ. ಐಡ್ಲಿಂಗ್ (ಪೆಡಲ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಹೊಂದಿಸುವ ಸ್ಕ್ರೂ ಪೂರ್ತಿ ಹಿಂದಕ್ಕೆ ತಿರುಗಿಸಿ, ಲಿವರ್‌ಗೆ ಬರೀ ತಾಗುವಷ್ಟು ತನ್ನಿ. ಅಲ್ಲಿಂದ ಅರ್ಧ ಸುತ್ತು ಒಳಗೆ. ಹೆಚ್ಚೆಂದರೆ ಒಂದು ಸುತ್ತು, ಅದಕ್ಕಿಂತ ಬೇಡ. ಬ್ಯಾರಲ್ ಒಳಗೆ ಗಾಳಿಗೆ ಬಾಗಿಲಿನಂತಿರುವ ಥ್ರಾಟಲ್ ಪ್ಲೇಟ್‌ನ ಅಂಚಿನ ಪಕ್ಕದಲ್ಲೇ ಸಾಲಾಗಿ ಸಣ್ಣ ತೂತುಗಳಿವೆ. ಪೆಡಲ್ ಒತ್ತಲು ಶುರು ಮಾಡಿದಾಗ ಮಾತ್ರ ಅವು ತೆರೆದು ಪೆಟ್ರೋಲ್ ಕೊಡಬೇಕು. ಐಡ್ಲಿಂಗ್‌ನಲ್ಲೇ ಪ್ಲೇಟ್ ಅವುಗಳನ್ನು ದಾಟಿಬಿಟ್ಟರೆ ಪೆಟ್ರೋಲ್ ಅಲ್ಲಿಂದಲೇ ಬರುತ್ತದೆ, ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಎಷ್ಟೆಂದು ಹೊಂದಿಸುವುದು) ತಿರುಗಿಸಿದರೂ ಎಂಜಿನ್ ಕಿವಿಗೊಡುವುದಿಲ್ಲ. ‘ಸ್ಕ್ರೂ ಕೆಲಸ ಮಾಡ್ತಿಲ್ಲ’ ಅಂತ ಬರುವ ಬಹಳಷ್ಟು ಕಾರುಗಳ ರೋಗ ಇದೇ. ಒಂದು ಸುತ್ತು ಒಳಗೆ ಹೋದರೂ ಎಂಜಿನ್ ಆರದೆ ಐಡ್ಲಿಂಗ್‌ನಲ್ಲಿ ಓಡದಿದ್ದರೆ ಟೈಮಿಂಗ್ ಅಥವಾ ಐಡಲ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ತಪ್ಪಾಗಿದೆ. ಸ್ಕ್ರೂ ಬಿಟ್ಟು ಅದನ್ನು ಸರಿಮಾಡಿ.

ಮುಂದೆ ಗಾಳಿ ಅಳೆಯುವ ಮೀಟರ್. ಬ್ಯಾರಲ್ ಬಾಯಿಗೆ ಒತ್ತಿ ಹಿಡಿಯುವ ಮುಳ್ಳಿನ ಮೀಟರ್ ಕೊಳ್ಳಿ, ಸಿಂಕ್ರೋಮೀಟರ್ ಅಂತ ಕೇಳಿದರೆ ಕೊಡುತ್ತಾರೆ. ಪೈಪ್ ಕಿವಿಗಿಟ್ಟು ಸದ್ದು ಕೇಳಿ ಹೊಂದಿಸುವ ಹಳೆಯ ಪದ್ಧತಿ ಒಬ್ಬಿಬ್ಬರ ಕಿವಿಗೆ ಮಾತ್ರ ಒಲಿಯುತ್ತದೆ. ಒಂದು, ಎರಡು, ಮೂರು, ನಾಲ್ಕು, ಹೀಗೆ ಸಾಲಾಗಿ ಹಿಡಿದು ಬರೆದುಕೊಳ್ಳಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಒಂದೇ ಆಗಿರುವುದು ಮುಖ್ಯ. ಒಂದೇ ಕಾರ್ಬೊರೇಟರ್‌ನ ಎರಡು ಬ್ಯಾರಲ್‌ಗಳಲ್ಲೇ ವ್ಯತ್ಯಾಸ ಬಂದರೆ, ಈಚಿನ ಮಾದರಿಗಳಲ್ಲಿ ಏರ್ ಬೈಪಾಸ್ ಸ್ಕ್ರೂ ಇರುತ್ತದೆ. ಕಡಿಮೆ ತೋರಿಸುವ ಬ್ಯಾರಲ್‌ದನ್ನು ಮಾತ್ರ ನಿಧಾನಕ್ಕೆ ತೆರೆಯಿರಿ. ಹಳೆಯದರಲ್ಲಿ ಅದಿಲ್ಲ. ಅಲ್ಲಿ ವ್ಯತ್ಯಾಸ ದೊಡ್ಡದಿದ್ದರೆ ಬಹುತೇಕ ಥ್ರಾಟಲ್ ಸ್ಪಿಂಡಲ್ (ಪ್ಲೇಟ್‌ಗಳು ಕೂತ ದಂಡ) ತಿರುಚಿರುತ್ತದೆ. ತಿರುಚಿದ್ದರೆ ಹೊಸದು ಹಾಕಿಸಿ. ಎರಡೂ ಕಾರ್ಬೊರೇಟರ್ ಸಮವಾದ ಮೇಲೆ ರಾಡ್ ಜೋಡಿಸಿ, 2,000 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ ಅಳೆಯಿರಿ. ಐಡ್ಲಿಂಗ್‌ನಲ್ಲಿ ಸಮ, ಮೇಲೆ ಹೋದರೆ ಏರುಪೇರು ಅಂದರೆ ರಾಡ್‌ನ ಉದ್ದ ಅಥವಾ ಕೋನ ಸರಿಯಿಲ್ಲ.

ಆಮೇಲೆ ಮಿಕ್ಸ್ಚರ್. ಒಂದೊಂದೇ ಸ್ಕ್ರೂ, ಒಂದು ಸಲಕ್ಕೆ ಕಾಲು ಸುತ್ತು. ತಿರುಗಿಸಿ ಕೈ ಬಿಡಿ, ಎಂಜಿನ್‌ಗೆ ಉತ್ತರ ಕೊಡಲು ಕೆಲವು ಸೆಕೆಂಡ್ ಬೇಕು. ಒಳಗೆ ಹೋದಂತೆ ಲೀನ್ ಆಗಿ (ಗಾಳಿಗೆ ಪೆಟ್ರೋಲ್ ಸಾಲದಾಗಿ) ಟ್ರಂಪೆಟ್, ಅಂದರೆ ಗಾಳಿ ಒಳಹೋಗುವ ಕಹಳೆಯ ಬಾಯಲ್ಲಿ ‘ಟಫ್’ ಎಂದು ಉಗುಳುತ್ತದೆ. ಹೊರಗೆ ತಂದಂತೆ ಆರ್‌ಪಿಎಂ ಏರಿ, ಒಂದು ಕಡೆ ನಿಂತು, ಆಮೇಲೆ ಭಾರವಾಗಿ ಗುಡುಗುಡು ಅನ್ನಲು ಶುರುವಾಗುತ್ತದೆ. ಆರ್‌ಪಿಎಂ ನಿಂತ ಜಾಗವೇ ನಿಮ್ಮ ಜಾಗ. ಮಿಕ್ಸ್ಚರ್ ಬದಲಾದರೆ ಐಡ್ಲಿಂಗೂ ಬದಲಾಗುತ್ತದೆ. ಹಾಗಾಗಿ ಮೀಟರ್ ಮತ್ತೆ ಹಿಡಿಯಲೇಬೇಕು. ಇದೊಂದನ್ನು ಬಿಟ್ಟು ಎದ್ದು ಹೋಗುವವರೇ ಜಾಸ್ತಿ.

ಒಂದು ಸ್ಕ್ರೂಗೆ ಮಾತ್ರ ಪ್ರತಿಕ್ರಿಯೆ ಇಲ್ಲವೆಂದರೆ ಆ ಬ್ಯಾರಲ್‌ನ ಐಡಲ್ ಜೆಟ್ ಕಟ್ಟಿಕೊಂಡಿದೆ. ಮೇಲಿನ ದುಂಡು ಮುಚ್ಚಳ ತೆಗೆದರೆ ಸಿಗುತ್ತದೆ. ಕ್ಲೀನರ್ ಹೊಡೆದು ಏರ್ ಹಿಡಿಯಿರಿ. ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಜೆಟ್ ಮೇಲಿನ ನಂಬರ್ ಸುಳ್ಳಾಗುತ್ತದೆ.

ಪೆಡಲ್ ಒತ್ತಿದಾಗ ಪೆಟ್ರೋಲ್ ಕೊಡುವ ಮೇನ್ ಜೆಟ್‌ಗೆ ಲೆಕ್ಕ ಸುಲಭ. ವೆಂಚುರಿ (ಬ್ಯಾರಲ್ ಒಳಗಿನ ಕಿರಿದಾದ ಕುತ್ತಿಗೆ) ಅಳತೆಯನ್ನು ಮಿ.ಮೀ.ನಲ್ಲಿ ತೆಗೆದುಕೊಂಡು 4ರಿಂದ ಗುಣಿಸಿ. 32 ಆದರೆ 128, ಹತ್ತಿರದ ಜೆಟ್ 130. ಅದಕ್ಕೆ 50 ಕೂಡಿಸಿದರೆ ಏರ್ ಜೆಟ್, 180. ಇದು ಶುರುವಿನ ಅಂದಾಜು ಅಷ್ಟೇ. ಫುಲ್ ಥ್ರಾಟಲ್‌ನಲ್ಲಿ ವೈಡ್‌ಬ್ಯಾಂಡ್ ಮೀಟರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವುದು) 12.5ರಿಂದ 13 ತೋರಿಸಬೇಕು. 1,600 ಸಿಸಿ ರೋಡ್ ಕಾರಿಗೆ 40ರ (40 ಮಿ.ಮೀ. ಬ್ಯಾರಲ್‌ನ) ಕಾರ್ಬೊರೇಟರ್ ಸಾಕು. 45 ಹಾಕಿಸಿಕೊಂಡರೆ ಊರೊಳಗೆ ಪಿಕಪ್ ಸತ್ತೇಹೋಗುತ್ತದೆ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಾಗಲಿ ಇನ್ನೆಲ್ಲೇ ಆಗಲಿ, ಅಗ್ಗದ ನಕಲಿ ಜೆಟ್ ಕೊಳ್ಳಬೇಡಿ. ಒಂದೇ ನಂಬರ್‌ನ ಎರಡು ಜೆಟ್ ಒಂದೇ ಅಳತೆಯಲ್ಲಿ ಇರುತ್ತವೆ ಎನ್ನುವ ಖಾತ್ರಿ ಅದರಲ್ಲಿಲ್ಲ. ಏರ್ ಫಿಲ್ಟರ್ ಇಲ್ಲದೆ ಓಡಿಸುವುದೂ ಬೇಡ, ನಮ್ಮ ರಸ್ತೆಯ ದೂಳು ಸಿಲಿಂಡರ್ ಗೋಡೆಯನ್ನು ತಿಂದುಬಿಡುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ವಿಷಯ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಗಾಳಿ ತೆಳು. ಇಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರನ್ನು ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಅದು ಲೀನ್ ಆಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಲೀನ್ ಓಡಿದರೆ ಪಿಸ್ಟನ್ ಕರಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಕೂಡ ಲೀನ್ ಕಡೆಗೇ ಎಳೆಯುತ್ತದೆ. ಹೊರಡುವಾಗ ಒಂದು ನಂಬರ್ ದೊಡ್ಡ ಮೇನ್ ಜೆಟ್, ನಾಲ್ಕನ್ನೂ, ಡಿಕ್ಕಿಯಲ್ಲಿಟ್ಟುಕೊಳ್ಳಿ. ಟ್ರ್ಯಾಕ್‌ಗೆ ಇಳಿಯುವ ಮೊದಲು ಬದಲಾಯಿಸಿ, ಎರಡು ಸುತ್ತು ಓಡಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಇನ್ನೂ ಒಂದು ನಂಬರ್ ಮೇಲಕ್ಕೆ ಹೋಗಿ.