ಮುಟ್ಟಿದರೆ ಮುಚ್ಚಿಕೊಳ್ಳುವ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್: ಆಟಿಸಂ ಇರುವವರು ರೂಢಿಸಿಕೊಳ್ಳುವುದು ಹೇಗೆ?

ಆಟಿಸಂ ಇರುವ ಅನೇಕರಿಗೆ ಕನ್ನಡಕವೇ ದಿನವಿಡೀ ಕಾಡುವ ವಸ್ತು. ಮೂಗನ್ನು ಒತ್ತುವ ಪ್ಯಾಡ್, ಕಿವಿಯ ಹಿಂದೆ ಉಜ್ಜುವ ಕಡ್ಡಿ, ನೋಟದ ಅಂಚಿನಲ್ಲಿ ಸದಾ ಕಾಣುವ ಫ್ರೇಮಿನ ಗೆರೆ ಇವೆಲ್ಲ ಉಳಿದವರಿಗೆ ಕೆಲವು ದಿನಗಳಲ್ಲಿ ಮರೆತುಹೋದರೂ ಇವರ ಗಮನದಿಂದ ಸರಿಯುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡರೆ ಈ ಕಾಟ ತಪ್ಪುತ್ತದೆ, ನಿಜ. ಆದರೆ ಅದಕ್ಕಾಗಿ ದೇಹದಲ್ಲಿ ನರತುದಿಗಳು ಅತಿ ದಟ್ಟವಾಗಿರುವ ಅಂಗಾಂಶಗಳಲ್ಲಿ ಒಂದಾದ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಹತ್ತಿರಕ್ಕೆ ಬೆರಳು ಒಯ್ಯಬೇಕು.

2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ರೋಗನಿರ್ಣಯ ಕೈಪಿಡಿಯು ಇಂದ್ರಿಯಾನುಭವಕ್ಕೆ ಅತಿಯಾಗಿ ಸ್ಪಂದಿಸುವುದನ್ನೂ ತೀರಾ ಕಡಿಮೆ ಸ್ಪಂದಿಸುವುದನ್ನೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಲೆನ್ಸ್ ವಿಷಯದಲ್ಲಿ ಎರಡೂ ಮುಖ್ಯ. ಒಬ್ಬರಿಗೆ ನಿರಪಾಯಕಾರಿ ಸ್ಪರ್ಶವೇ ಸಹಿಸಲಾಗದಂತೆ ತೋರಿದರೆ, ಇನ್ನೊಬ್ಬರಿಗೆ ಕಣ್ಣಿಗೆ ಗಾಯವಾದರೂ ನೋವು ತಡವಾಗಿ ತಿಳಿಯಬಹುದು. ಆದ್ದರಿಂದ ಅನಿಸಿಕೆಯೊಂದನ್ನೇ ನಂಬದೆ, ಹಂತಗಳನ್ನೂ ನಿಲ್ಲಿಸುವ ನಿಯಮವನ್ನೂ ಮೊದಲೇ ಗೊತ್ತುಮಾಡಿಕೊಂಡು ಹೊರಡುವುದು ಒಳ್ಳೆಯದು.

ತಪಾಸಣೆಗೆ ಹೋಗುವ ಮುನ್ನ

ಕಣ್ಣಿನ ತಪಾಸಣೆ ಮತ್ತು ಲೆನ್ಸ್ ಹಾಕಿಕೊಳ್ಳುವ ಪಾಠವನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಒಂದೇ ದಿನವಾದರೆ, ಗದ್ದ ಮತ್ತು ಹಣೆಯನ್ನು ಆನಿಸಿ ಕೂರಬೇಕಾದ ಸ್ಲಿಟ್ ಲ್ಯಾಂಪ್ ಎಂಬ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ ಪ್ರಖರ ಬೆಳಕು, ಕಣ್ಣಿಗೆ ಹಾಕುವ ಬಣ್ಣದ ಹನಿ, ಒತ್ತಡ ಅಳೆಯಲು ತಟ್ಟನೆ ಬಡಿಯುವ ಗಾಳಿ ಇಷ್ಟರಲ್ಲೇ ಸಹನೆ ಮುಗಿದಿರುತ್ತದೆ. ಬೆಳಕನ್ನು ತಗ್ಗಿಸಬಹುದು, ಕಣ್ಣಿನ ಒತ್ತಡ ಅಳೆಯಲು ಬೇರೆ ವಿಧಾನಗಳೂ ಇವೆ. ಮುಟ್ಟುವ ಮುನ್ನ ಹೇಳಿ ಮುಟ್ಟಬೇಕೆಂಬುದನ್ನೂ, ಕೈಯೆತ್ತಿದರೆ ನಿಲ್ಲಿಸಬೇಕೆಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಆ ಹೊತ್ತಿಗೆ ಮಾತು ಹೊರಡದಿದ್ದರೂ ಕೆಲಸ ನಡೆಯುತ್ತದೆ.

ಲೆನ್ಸ್‌ಗಳಲ್ಲಿ ಮೊದಲ ಪ್ರಯತ್ನಕ್ಕೆ ಸಾಮಾನ್ಯವಾಗಿ ಹೊಂದುವುದು ಒಂದು ದಿನ ಬಳಸಿ ಎಸೆಯುವ ಮೃದು ಲೆನ್ಸ್. ಕಾರ್ನಿಯಾದ ಅಗಲ ಸುಮಾರು 12 ಮಿ.ಮೀ. ಇದ್ದರೆ ಮೃದು ಲೆನ್ಸಿನದು ಸುಮಾರು 14 ಮಿ.ಮೀ. ಇರುವುದರಿಂದ ಅದರ ಅಂಚು ಕಾರ್ನಿಯಾವನ್ನು ದಾಟಿ, ಅಷ್ಟು ಸೂಕ್ಷ್ಮವಲ್ಲದ ಬಿಳಿಭಾಗದ ಮೇಲೆ ಕೂರುತ್ತದೆ. ಗಟ್ಟಿ ಲೆನ್ಸ್ ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಅಷ್ಟೇ, ರೆಪ್ಪೆ ಬಡಿದಾಗಲೆಲ್ಲ ಅದರ ಅಂಚು ಅರಿವಿಗೆ ಬರುತ್ತದೆ. ದಿನದ ಲೆನ್ಸಿಗೆ ತೊಳೆಯುವ ದ್ರಾವಣದ ಗೊಡವೆಯೂ ಇಲ್ಲ.

ಲೆನ್ಸ್ ಇಲ್ಲದೆಯೇ ಅಭ್ಯಾಸ

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ದಿನವೇ ಲೆನ್ಸನ್ನು ಕಣ್ಣಿಗೆ ತಂದರೆ ಬೆರಳು ಹತ್ತಿರವಾಗುವ ಭಯ, ರೆಪ್ಪೆ ಎಳೆದ ಬಿಗಿತ, ಲೆನ್ಸಿನ ತಂಪು, ಒದ್ದೆ ಇವೆಲ್ಲ ಒಟ್ಟಿಗೆ ಬಂದೆರಗುತ್ತವೆ. ಯಾವುದು ಸಹಿಸಲಾಗದ್ದು ಎಂಬುದೇ ತಿಳಿಯುವುದಿಲ್ಲ. ಅವನ್ನು ಬಿಡಿಸಿ, ಒಂದೊಂದಾಗಿ ಎದುರಿಸಬೇಕು.

ಮೊದಲು ಕೆಳರೆಪ್ಪೆಯನ್ನು ಮಾತ್ರ ಎಳೆದು ಹಿಡಿದು ಬಿಡುವುದು. ಅದು ಸಪ್ಪೆಯೆನಿಸಿದ ಮೇಲೆ ಮೇಲುರೆಪ್ಪೆಯನ್ನೂ ಸೇರಿಸಿ ಹಿಡಿಯುವುದು. ಅನಂತರ, ವೈದ್ಯರು ಸೂಚಿಸಿದ ಪ್ರಿಸರ್ವೇಟಿವ್ ಇಲ್ಲದ ಕಣ್ಣಿನ ಹನಿಯನ್ನು ಹಾಕಿಕೊಂಡು ಒದ್ದೆಗೆ ಒಗ್ಗಿಕೊಳ್ಳುವುದು. ಇನ್ನೊಂದು ಕಡೆ ಲೆನ್ಸನ್ನು ಅಂಗೈಯಲ್ಲಿಟ್ಟು, ಬೆರಳ ತುದಿಗೆ ತಂದು, ಅದರ ಜಾರುವ ಗುಣವನ್ನು ಪರಿಚಯ ಮಾಡಿಕೊಳ್ಳಬಹುದು. ಹೀಗೆ ಆಡಿಸಿದ ಲೆನ್ಸನ್ನು ಎಸೆಯಬೇಕೇ ಹೊರತು ಕಣ್ಣಿಗೆ ಹಾಕಬಾರದು. ಕೊನೆಗೆ, ವೈದ್ಯರು ಒಪ್ಪಿದರೆ, ಉಗುರು ಕತ್ತರಿಸಿದ ಶುಚಿಯಾದ ಬೆರಳನ್ನು ಸ್ಟೆರೈಲ್ ಸಲೈನಿನಲ್ಲಿ (ರೋಗಾಣುಮುಕ್ತ ಲವಣ ದ್ರಾವಣದಲ್ಲಿ) ಒದ್ದೆಮಾಡಿ, ನೋಟವನ್ನು ಮೂಗಿನತ್ತ ತಿರುಗಿಸಿ, ಹೊರಬದಿಯ ಬಿಳಿಭಾಗವನ್ನು ಮೆಲ್ಲಗೆ ಮುಟ್ಟುವುದು. ಒಂದು ಹಂತಕ್ಕೆ ವಾರಗಳೇ ಹಿಡಿದರೂ ಚಿಂತೆಯಿಲ್ಲ.

ಬೇರೆಯವರಿಂದ ಹಾಕಿಸಿಕೊಳ್ಳುವುದಕ್ಕಿಂತ ತಾವೇ ಹಾಕಿಕೊಳ್ಳುವುದು ಅನೇಕರಿಗೆ ಸುಲಭ, ಏಕೆಂದರೆ ಸ್ಪರ್ಶ ಯಾವ ಕ್ಷಣಕ್ಕೆ ಬರುತ್ತದೆಂಬುದು ಸ್ವಂತ ಕೈಗೆ ಗೊತ್ತಿರುತ್ತದೆ. ಮಕ್ಕಳ ವಿಷಯದಲ್ಲಂತೂ ತಲೆ ಹಿಡಿದು ಬಲವಂತವಾಗಿ ಹಾಕುವ ಯೋಚನೆಯನ್ನೇ ಮಾಡಬಾರದು.

ಹಾಕುವುದು, ತೆಗೆಯುವುದು

ಪರಿಮಳವಿಲ್ಲದ ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿಕೊಳ್ಳಿ. ಮೃದು ಲೆನ್ಸ್ ಒದ್ದೆಯಿರುವ ಕಡೆ ಅಂಟಿಕೊಳ್ಳುವುದರಿಂದ ಬೆರಳು ಒಣಗಿದ್ದಷ್ಟೂ ಅದು ಬೇಗ ಕಣ್ಣಿಗೆ ಇಳಿಯುತ್ತದೆ. ತೋರುಬೆರಳ ತುದಿಯ ಮೇಲಿಟ್ಟು ಪಕ್ಕದಿಂದ ನೋಡಿದಾಗ ಲೆನ್ಸ್ ಬಟ್ಟಲಿನಂತಿರಬೇಕು. ಅಂಚು ತಟ್ಟೆಯಂತೆ ಹೊರಕ್ಕೆ ಬಾಗಿದ್ದರೆ ಒಳಮೈ ಹೊರಗಾಗಿದೆ ಎಂದರ್ಥ. ಒಂದು ಕೈಯಿಂದ ಮೇಲುರೆಪ್ಪೆಯನ್ನು ಕೂದಲ ಬುಡದಲ್ಲೇ ಹಿಡಿದು, ಲೆನ್ಸ್ ಇರುವ ಕೈಯ ನಡುಬೆರಳಿನಿಂದ ಕೆಳರೆಪ್ಪೆಯನ್ನು ಎಳೆಯಿರಿ. ನೇರ ನೋಡುತ್ತ ಕಾರ್ನಿಯಾದ ಮೇಲೇ ಇಡುವ ಬದಲು, ಮೇಲಕ್ಕೆ ನೋಡುತ್ತ ಕೆಳಗಿನ ಬಿಳಿಭಾಗದ ಮೇಲಿಡಿ. ಬೆರಳು ಕಣ್ಣಿಗೆ ಕಾಣುವುದೂ ಕಡಿಮೆ, ತಾಕುವ ಜಾಗವೂ ಅಷ್ಟು ಸೂಕ್ಷ್ಮವಲ್ಲ. ಬಳಿಕ ನಿಧಾನವಾಗಿ ಕೆಳಗೆ ನೋಡಿ ಕಣ್ಣು ಮುಚ್ಚಿದರೆ ಲೆನ್ಸ್ ತಾನಾಗಿಯೇ ನಡುವಿಗೆ ಬರುತ್ತದೆ.

ಮೊದಮೊದಲು ತಂಪು, ಏನೋ ಇದೆ ಎಂಬ ಭಾವ, ಸ್ವಲ್ಪ ನೀರು ಸಹಜ. ಕೆಲವು ನಿಮಿಷಗಳಲ್ಲಿ ತಗ್ಗಬೇಕು. ಕಸ ಬಿದ್ದಂತೆ ಚುಚ್ಚುತ್ತಲೇ ಇದ್ದರೆ ಸಹಿಸಿಕೊಂಡು ಕೂರದೆ ತೆಗೆಯಬೇಕು. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಟ್ಟೀತೆಂಬ ಹೆದರಿಕೆ ಬೇಡ. ಬಿಳಿಭಾಗವನ್ನು ಹೊದೆದ ತೆಳುಪೊರೆಯು ರೆಪ್ಪೆಯ ಒಳಬದಿಗೆ ಮಡಚಿಕೊಂಡಿರುವುದರಿಂದ ಅಲ್ಲಿ ದಾರಿಯೇ ಇಲ್ಲ.

ನನ್ನ ದೃಷ್ಟಿಯಲ್ಲಿ ಹಾಕುವುದಕ್ಕಿಂತ ತೆಗೆಯುವುದನ್ನು ಚೆನ್ನಾಗಿ ಕಲಿಯಬೇಕು, ಏಕೆಂದರೆ ಗಾಬರಿ ಹೆಚ್ಚುವುದು ಆಗ. ಮೇಲೆ ನೋಡುತ್ತ ಲೆನ್ಸನ್ನು ಕೆಳಗಿನ ಬಿಳಿಭಾಗಕ್ಕೆ ಜಾರಿಸಿ, ಬೆರಳ ಮೆತ್ತನೆಯ ಭಾಗಗಳಿಂದ ಹಗುರವಾಗಿ ಚಿವುಟಿ ತೆಗೆಯಬೇಕು. ಬಾರದಿದ್ದರೆ ಮತ್ತೆ ಮತ್ತೆ ಚಿವುಟಬೇಡಿ. ಲೆನ್ಸಿಗೆ ಹೊಂದುವ ಹನಿ ಹಾಕಿ, ಕಣ್ಣು ಮುಚ್ಚಿ, ಕೆಲವು ನಿಮಿಷ ಕಾದು ಪುನಃ ಪ್ರಯತ್ನಿಸಿ.

ಗಡಿಯಾರವನ್ನೂ ಕನ್ನಡಿಯನ್ನೂ ನಂಬಿ

ಎಷ್ಟು ಗಂಟೆ ಹಾಕಿಕೊಳ್ಳಬೇಕು, ಹೇಗೆ ಹೆಚ್ಚಿಸಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ. ಅದಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಕೆಲಸದಲ್ಲಿ ಮುಳುಗಿದರೆ ಹಸಿವೇ ತಿಳಿಯದವರಿಗೆ ಕಣ್ಣು ಒಣಗಿದ್ದು ತಿಳಿಯುವುದು ಕಷ್ಟ, ಅದರಲ್ಲೂ ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ. ನೋವಿರಲಿ ಇಲ್ಲದಿರಲಿ, ನಿಗದಿತ ಹೊತ್ತಿಗೆ ಕನ್ನಡಿಯಲ್ಲಿ ಕೆಂಪು ನೋಡಿ, ಒಂದೊಂದೇ ಕಣ್ಣು ಮುಚ್ಚಿ ಮಸುಕಿದೆಯೇ ಎಂದು ಪರೀಕ್ಷಿಸಿ. ಕಣ್ಣು ಕೆಂಪಾಗಿದ್ದರೆ, ಮಸುಕಾಗಿದ್ದರೆ, ನೋಯುತ್ತಿದ್ದರೆ ಅಥವಾ ಬೆಳಕು ಎಂದಿಗಿಂತ ಹೆಚ್ಚು ಚುಚ್ಚುತ್ತಿದ್ದರೆ ಲೆನ್ಸ್ ತೆಗೆದು ಅಂದೇ ವೈದ್ಯರನ್ನು ಕಾಣಬೇಕು. ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ಬಳಸಲೇಬಾರದು. ಅದು ಎಚ್ಚರಿಕೆಯ ನೋವನ್ನು ಅಡಗಿಸುವುದಲ್ಲದೆ ಕಾರ್ನಿಯಾದ ಗಾಯ ಮಾಯುವುದನ್ನೂ ತಡೆಯುತ್ತದೆ.

ನಲ್ಲಿ ನೀರು ಲೆನ್ಸಿಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ತೀವ್ರ ಸೋಂಕು ತರಬಲ್ಲದು, ಹಾಗಾಗಿ ಸ್ನಾನಕ್ಕೆ, ಈಜಿಗೆ ಮುನ್ನ ತೆಗೆಯಬೇಕು. ಮಲಗುವ ಮುನ್ನವೂ ಅಷ್ಟೇ. ಸದ್ದು, ಬೆಳಕು, ಜನ ಎಲ್ಲ ಸೇರಿ ಮನಸ್ಸು ತುಂಬಿಹೋದ ದಿನ ಲೆನ್ಸ್ ಮುಟ್ಟದಿರುವುದೇ ಲೇಸು.

ಇನ್ನೊಂದು ವಿಷಯ ಹಲವರಿಗೆ ಹಾಕಿಕೊಂಡ ಮೇಲಷ್ಟೇ ಗೊತ್ತಾಗುತ್ತದೆ. ಕನ್ನಡಕ ಗಾಳಿಯನ್ನು ತಡೆಯುತ್ತಿತ್ತು, ಬಣ್ಣದ ಗಾಜಾಗಿದ್ದರೆ ಬೆಳಕನ್ನೂ ತಗ್ಗಿಸುತ್ತಿತ್ತು; ಲೆನ್ಸಿನೊಂದಿಗೆ ಅವೆರಡೂ ಹೋಗುತ್ತವೆ. ಪವರ್ ಇಲ್ಲದ ತಂಪು ಕನ್ನಡಕವನ್ನು ಮೇಲೆ ಹಾಕಿಕೊಳ್ಳಬಹುದು, ಆದರೆ ಆಗ ಫ್ರೇಮಿನ ಒತ್ತಡವೂ ಮರಳುತ್ತದೆ. ಲೆನ್ಸ್ ಒಗ್ಗದಿದ್ದವರು, ಬಿಡಿ ಪ್ಯಾಡ್‌ಗಳಿಲ್ಲದೆ ಮೂಗಿಗೆ ಹೊಂದುವಂತೆ ಅಚ್ಚಾದ ಪ್ಲಾಸ್ಟಿಕ್ ಫ್ರೇಮನ್ನೋ ಕಿವಿಗೆ ಕೊಕ್ಕೆ ಹಾಕದ ನೇರ ಕಡ್ಡಿಯ ಹಗುರ ಫ್ರೇಮನ್ನೋ ಅಂಗಡಿಯಲ್ಲೇ ಸಾಕಷ್ಟು ಹೊತ್ತು ಹಾಕಿಕೊಂಡು ನೋಡಿ ಆರಿಸಿಕೊಳ್ಳಬಹುದು.